ಬೇರೆ ಬೇರೆ ದೇಶದ ಕಂಪನಿಗಳು ಸೇರಿ ಮಾಡೋ ಯುರೇಕಾ ಪ್ರಾಜೆಕ್ಟಿಗೆ ದುಡ್ಡು ಯಾರು ಕೊಡ್ತಾರೆ?

ಒಂದೇ ಕಡೆಯಿಂದ ಬರಲ್ಲ. ಯುರೇಕಾ ಅನ್ನೋದು 1985ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ, ಹೊಸ ತಂತ್ರಜ್ಞಾನದ ಸಂಶೋಧನೆಗೆ ಅಂತ ಸರ್ಕಾರಗಳು ಕಟ್ಕೊಂಡ ಕೂಟ, ಫ್ರಾನ್ಸ್ ಅಧ್ಯಕ್ಷ ಮಿತ್ತರಾಂ ಮುಂದೆ ನಿಂತು ಮಾಡಿಸಿದ್ದು, ಆದ್ರೆ ಎಲ್ರಿಗೂ ಹಂಚೋಕೆ ಅಂತ ಒಂದು ದೊಡ್ಡ ಖಜಾನೆ ಅಲ್ಲಿಲ್ಲ. ಜರ್ಮನಿದೊಂದು, ಸ್ಪೇನ್‌ದೊಂದು ಕಂಪನಿ ಸೇರಿ ಪ್ರಾಜೆಕ್ಟ್ ಹಾಕಿದ್ರು ಅಂದ್ಕೊಳ್ಳಿ, ಜರ್ಮನಿಯವ್ರಿಗೆ ಜರ್ಮನಿ ಕೊಡುತ್ತೆ, ಸ್ಪೇನ್‌ನವ್ರಿಗೆ ಸ್ಪೇನ್ ಕೊಡುತ್ತೆ, ಅದೂ ಪೂರ್ತಿ ಅಲ್ಲ, ಕಂಪನಿ ಕೈಯಿಂದಾನೂ ಹಾಕ್ಬೇಕು, ಮೇಲೆ ರೂಲ್ಸು ಒಂದೊಂದು ದೇಶದ್ದು ಒಂದೊಂದು ಥರ, ಒಬ್ರು ಗ್ರಾಂಟ್ ಕೊಟ್ರೆ ಇನ್ನೊಬ್ರು ಸಾಲ ಅಂತಾರೆ. ತಲೆನೋವು ಇರೋದೇ ಇಲ್ಲಿ: ಒಂದು ಕಡೆ ಓಕೆ ಆಗಿ ಇನ್ನೊಂದು ಕಡೆ ಫಂಡ್ ಸಿಗ್ಲಿಲ್ಲ ಅಂದ್ರೆ ಪ್ರಾಜೆಕ್ಟ್ ಅರ್ಧಕ್ಕೇ ನಿಂತೋಗ್ಬಹುದು.

ಸಣ್ಣ ಕಂಪನಿಗಳಿಗೆ ಯೂರೋಸ್ಟಾರ್ಸ್ ಅಂತ ಬೇರೆ ಇದೆ, ಅದ್ರಲ್ಲಿ ದೇಶಗಳ ದುಡ್ಡಿನ ಜೊತೆ ಯುರೋಪಿಯನ್ ಯೂನಿಯನ್ ಕೂಡ ಸ್ವಲ್ಪ ಸೇರಿಸುತ್ತೆ.

ಇಷ್ಟು ತೊಡಕಿದ್ರೂ ಕೆಲ್ಸ ಆಗಿದೆ ಮಾರಾಯ್ರೆ. ತಾನೇ ಓಡೋ ಕಾರಿಗೆ ಅಂತ ಯುರೇಕಾದಲ್ಲೇ 1987ರಲ್ಲಿ ಶುರುವಾದ ಪ್ರೊಮಿಥಿಯಸ್ ಪ್ರಾಜೆಕ್ಟಿಂದ ಬಂದ ಮರ್ಸಿಡಿಸ್ ಕಾರು 1995ರಲ್ಲಿ ಮ್ಯೂನಿಕ್‌ನಿಂದ ಡೆನ್ಮಾರ್ಕ್‌ವರೆಗೆ ಹೆಚ್ಚುಕಮ್ಮಿ ತಾನೇ ಸ್ಟೀರಿಂಗ್ ತಿರುಗಿಸ್ಕೊಂಡು ಹೋಗಿತ್ತು, ಡ್ರೈವರ್ ಸುಮ್ನೆ ಆಗಾಗ ಕೈ ಹಾಕ್ತಿದ್ದ ಅಷ್ಟೆ.