ಮೆಟ್ಟಿಲ ಕೆಳಗಿನ ಪಟಾಕಿ ಬಾಕ್ಸು

ಪ್ರಶ್ನೆ: ನಮ್ಮ ಬೀದಿಯಲ್ಲಿ ನಾನು ಪಟಾಕಿ ಚೀಟಿ ನಡೆಸುತ್ತೇನೆ. ಮೂವತ್ತು ಮನೆಯವರು ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ. ದೀಪಾವಳಿಗೆ ಒಂದು ವಾರ ಇರುವಾಗ ಮೂವತ್ತೂ ಬಾಕ್ಸ್ ನಮ್ಮ ಮನೆಗೆ ಬರುತ್ತವೆ. ಹಂಚುವ ತನಕ ಮೆಟ್ಟಿಲ ಕೆಳಗೆ ಇಡುತ್ತೇವೆ. ಹೋದ ವರ್ಷ ಉಳಿದದ್ದು ಅಡುಗೆಮನೆ ಅಟ್ಟದ ಮೇಲಿದೆ. ಇದರ ಜೊತೆಗೆ ಪಿಯುಸಿ ಓದುವ ಮಗ ಹೂಕುಂಡ ತಾನೇ ಮಾಡುತ್ತೇನೆಂದು ಏನೇನೋ ಪುಡಿ ತರಿಸಿಕೊಂಡಿದ್ದಾನೆ. ಇದನ್ನೆಲ್ಲ ಕಾನೂನು ಪ್ರಕಾರ ಮನೆಯಲ್ಲಿ ಇಡುವುದು ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಮಗನ ವಿಷಯ. ಅದು ಇವತ್ತೇ ಮುಗಿಯಬೇಕು.

1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ಪ್ರಕಾರ ಪಟಾಕಿ ತಯಾರಿಸಲು ಲೈಸೆನ್ಸ್ ಬೇಕು. ಒಂದು ಸಲಕ್ಕೆ 15 ಕೆ.ಜಿ.ವರೆಗಿನ ತಯಾರಿಕೆಗೂ ಜಿಲ್ಲಾಡಳಿತದ ಲೈಸೆನ್ಸ್ ಇರಲೇಬೇಕು. 'ಹವ್ಯಾಸಕ್ಕೆ ಸ್ವಲ್ಪ ಮಾಡ್ತೀನಿ' ಅಂದರೆ ನಡೆಯುವುದಿಲ್ಲ. ಕ್ಲೋರೇಟ್ ಮತ್ತು ಗಂಧಕ ಸೇರಿದ ಮಿಶ್ರಣವಂತೂ 1992ರಿಂದಲೇ ನಿಷೇಧ. ಅದಕ್ಕೆ ಬೆಂಕಿ ತಾಗಿಸಬೇಕೆಂದೇನೂ ಇಲ್ಲ, ಉಜ್ಜಿದರೂ ಹೊತ್ತಿಕೊಳ್ಳುತ್ತದೆ. ಕೆಲವು ಸಲ ಸುಮ್ನೆ ಇಟ್ಟಲ್ಲೇ ಹೊತ್ತಿಕೊಂಡದ್ದೂ ಇದೆ.

ಆ ಪುಡಿಗಳನ್ನು ಸಿಂಕಿಗೆ ಸುರಿಯಬೇಡಿ, ಕಸಕ್ಕೂ ಹಾಕಬೇಡಿ. ಬಂದ ಪ್ಯಾಕೆಟ್‌ನಲ್ಲೇ, ಲೇಬಲ್ ಸಮೇತ, ಒಂದೊಂದನ್ನೂ ಬೇರೆ ಬೇರೆ ಕಡೆ ಇಡಿ. ಹತ್ತಿರದ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ, ಯಾವ್ಯಾವ ಪುಡಿ ಎಷ್ಟಿದೆ ಎಂದು ಹೇಳಿ, ಅವರು ಹೇಳಿದಂತೆ ಮಾಡಿ. ಅವನು ಆಗಲೇ ಏನಾದರೂ ಬೆರೆಸಿದ್ದರೆ ಅದನ್ನು ಮುಟ್ಟಲೇಬೇಡಿ. ಕೋಣೆಯ ಬಾಗಿಲು ಹಾಕಿ, ಎಲ್ಲರೂ ಹೊರಗೆ ಬಂದು, 112ಕ್ಕೆ ಕರೆ ಮಾಡಿ. ಮಗನಿಗೆ ಬೈಯುವುದನ್ನು ಆಮೇಲೆ ಇಟ್ಟುಕೊಳ್ಳಿ. ಬೈಯುತ್ತಾರೆ ಅನ್ನೋ ಭಯಕ್ಕೇ ಹುಡುಗರು ಇಂಥದ್ದನ್ನು ಮಂಚದ ಕೆಳಗೆ ಬಚ್ಚಿಡುವುದು.

ಇನ್ನು ಚೀಟಿ. ನಿಮ್ಮ ಮೆಟ್ಟಿಲ ಕೆಳಗೆ ಒಮ್ಮೆ ಬಗ್ಗಿ ನೋಡಿ. ಬೆಂಗಳೂರಿನ ಮನೆಗಳಲ್ಲಿ ಕರೆಂಟ್ ಮೀಟರ್ ಇರುವುದು ಅಲ್ಲೇ. ಯುಪಿಎಸ್ ಬ್ಯಾಟರಿ ಅಲ್ಲೇ. ರಾತ್ರಿ ಸ್ಕೂಟರ್ ನಿಲ್ಲಿಸುವುದೂ ಅಲ್ಲೇ, ಅದರ ಟ್ಯಾಂಕಿನಲ್ಲಿ ಪೆಟ್ರೋಲ್. ಮಹಡಿ ಮೇಲಿದ್ದವರು ಇಳಿದು ಬರಲು ಇರುವುದು ಅದೊಂದೇ ದಾರಿ. ಅಂಥ ಜಾಗದಲ್ಲಿ ಮೂವತ್ತು ಮನೆಯ ಪಟಾಕಿ!

ಹಬ್ಬಕ್ಕೆ ಮೈದಾನದಲ್ಲಿ ಹಾಕುವ ತಾತ್ಕಾಲಿಕ ಮಳಿಗೆಗೆ ಏನು ನಿಯಮ ಇದೆ ಗೊತ್ತಾ? ಬೆಂಕಿ ಹಿಡಿಯದ ಶೆಡ್ ಇರಬೇಕು. ಮಳಿಗೆಯಿಂದ ಮಳಿಗೆಗೆ ಕನಿಷ್ಠ 3 ಮೀಟರ್, ಮನೆಗಳಂಥ ಕಟ್ಟಡಗಳಿಂದ 50 ಮೀಟರ್ ದೂರ ಬಿಡಬೇಕು. ಮಳಿಗೆಗಳು ಎದುರುಬದುರು ಇರುವಂತಿಲ್ಲ. ದುಡ್ಡು ಪಡೆದು ಬೇರೆಯವರಿಗೆ ಕೊಡುವ ಸರಕು ನಿಮ್ಮದು. ಅದನ್ನು 'ಸ್ವಂತ ಬಳಕೆಗೆ' ಎಂದು ಪೊಲೀಸರ ಮುಂದೆ ಹೇಳಿ ಗೆಲ್ಲುವುದು ಕಷ್ಟ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ಹೊತ್ತಿಕೊಂಡದ್ದು ಒಂದು ಅಂಗಡಿ, ಗೋದಾಮು. ಹತ್ತಕ್ಕೂ ಹೆಚ್ಚು ಜನ ಹೋದರು. ಅಷ್ಟೊಂದು ಸರಕು ಒಂದೇ ಕಡೆ ಇದ್ದಾಗ ಓಡಲು ಸಮಯ ಸಿಗುವುದಿಲ್ಲ.

ಚೀಟಿ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಲೈಸೆನ್ಸ್ ಇರುವ ಅಂಗಡಿಯವರ ಜೊತೆ ಮಾತಾಡಿಕೊಳ್ಳಿ. ಸದಸ್ಯರಿಗೆ ಟೋಕನ್ ಕೊಡಿ, ಅವರವರ ಬಾಕ್ಸನ್ನು ಅವರೇ ಅಂಗಡಿಯಿಂದ ತಂದುಕೊಳ್ಳಲಿ. ಹಸಿರು ಪಟಾಕಿಯನ್ನೇ ಕೊಡಬೇಕೆಂದು ಮೊದಲೇ ಹೇಳಿಬಿಡಿ. 2018ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಬೇರಿಯಂ ಇರುವ ಪಟಾಕಿಗೂ ಸರ ಪಟಾಕಿಗೂ ಅನುಮತಿ ಇಲ್ಲ.

ನಿಮ್ಮ ಮನೆಯದೇ ಒಂದು ಬಾಕ್ಸ್, ಹಬ್ಬದ ತನಕ ಎರಡು ಮೂರು ದಿನ, ಅಷ್ಟಾದರೆ ಪರವಾಗಿಲ್ಲ. ಅದರ ಮೂಲ ಪೊಟ್ಟಣದಲ್ಲೇ, ಮುಚ್ಚಳ ಇರುವ ಪೆಟ್ಟಿಗೆಯಲ್ಲಿ, ಒಣಗಿದ ತಣ್ಣನೆ ಜಾಗದಲ್ಲಿಡಿ. ಮಕ್ಕಳ ಕೈಗೆ ಸಿಗಬಾರದು. ದೇವರ ಮನೆ ಬೇಡ, ಅಲ್ಲಿ ದೀಪ ಉರಿಯುತ್ತಿರುತ್ತದೆ. ಬೆಂಕಿಪೊಟ್ಟಣವನ್ನು ಅದೇ ಪೆಟ್ಟಿಗೆಗೆ ತುರುಕಬೇಡಿ. ತುಂಬ ಮನೆಗಳಲ್ಲಿ ಮಾಡುವ ತಪ್ಪು ಇದು, 'ಹುಡುಕೋದು ತಪ್ಪುತ್ತೆ' ಅಂತ.

ಅಟ್ಟದ ಮೇಲಿನ ಹಳೆಯದನ್ನು ಈ ವರ್ಷ ಹಚ್ಚುವ ಯೋಚನೆ ಬಿಡಿ. ಒಲೆಯ ಬಿಸಿ, ಅನ್ನದ ಹಬೆ, ಒಗ್ಗರಣೆ ಜಿಡ್ಡು ಎಲ್ಲ ಮೇಲಕ್ಕೇ ಹೋಗುವುದು ಅಲ್ವಾ? ವರ್ಷವಿಡೀ ಅದನ್ನೇ ಕುಡಿದಿರುತ್ತವೆ. ತೆಗೆದು ನೋಡಿದರೆ ಬತ್ತಿ ಮೆತ್ತಗಾಗಿರುತ್ತದೆ, ಕಾಗದ ಉಬ್ಬಿರುತ್ತದೆ, ಪೆಟ್ಟಿಗೆಯ ಮೂಲೆಯಲ್ಲಿ ಬೂದು ಬಣ್ಣದ ಪುಡಿ ಉದುರಿರುತ್ತದೆ. ಆಗ ಬಹಳ ಜನ ಮಾಡುವುದು ತಾರಸಿ ಮೇಲೆ ಬಿಸಿಲಿಗೆ ಹರವುವುದು. ತೇವ ಕುಡಿದು ಒಣಗಿದ ಬತ್ತಿ ಒಂದೇ ಸಮ ಉರಿಯುವುದಿಲ್ಲ. ಒಮ್ಮೆ ತಡವಾಗಿ, ಒಮ್ಮೆ ಸರ್ರನೆ. 'ಟುಸ್ ಆಯ್ತು' ಅಂತ ಬಗ್ಗಿ ನೋಡಿದವರ ಮುಖಕ್ಕೇ ಹಾರುವುದು ಇಂಥವೇ.

ಅಂಗಳದಲ್ಲಿ ಬಕೆಟ್ ತುಂಬ ನೀರಿಟ್ಟು, ಸ್ವಲ್ಪ ಸ್ವಲ್ಪವಾಗಿ ಪೂರ್ತಿ ಮುಳುಗಿಸಿ, ಒಂದು ರಾತ್ರಿ ಬಿಡಿ. ಒಡೆದು ಮದ್ದು ತೆಗೆಯಬೇಡಿ. ನೆನೆದ ಮೇಲೆ ಹಸಿಯಾಗಿರುವಾಗಲೇ ಬೇರೆ ಚೀಲದಲ್ಲಿ ಹಾಕಿ, ಕಸದ ಗಾಡಿಯವರಿಗೆ 'ಇದು ಪಟಾಕಿ' ಎಂದು ಹೇಳಿ ಕೊಡಿ. ಕಸವನ್ನು ಅದುಮುವುದು ಅವರು, ಅವರಿಗೆ ಗೊತ್ತಿರಬೇಕು.

ಪ್ರಶ್ನೆ: ಬೆಂಗಳೂರಿನಲ್ಲಿ ಕೊಂಡ ಪಟಾಕಿಯನ್ನು ಹುಬ್ಬಳ್ಳಿಗೆ ರೈಲಿನಲ್ಲಿ ಒಯ್ಯಬಹುದೇ? ಬರೀ ಸುರ್‌ಸುರ್ ಬತ್ತಿ ಮಾತ್ರ.

ಉತ್ತರ: ಬೇಡ. ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಮೂರು ವರ್ಷದ ತನಕ ಜೈಲು ಆಗಬಹುದು. ಬಸ್ಸಿನಲ್ಲೂ ಒಯ್ಯಬೇಡಿ. ಹುಬ್ಬಳ್ಳಿಯಲ್ಲೇ ಕೊಳ್ಳಿ, ಅಲ್ಲಿಯೂ ಮಳಿಗೆ ಹಾಕುತ್ತಾರೆ.