ಸಲಾಡ್ ಬಾರ್‌ನಲ್ಲಿ ಆರೋಗ್ಯಕರವೂ ರುಚಿಕರವೂ ಆದ ಸಲಾಡ್ ಮಾಡಿಕೊಳ್ಳುವುದು ಹೇಗೆ?

ಸಾಲಾಗಿ ಇಟ್ಟಿರುವುದರಿಂದ ಬೇಕಾದ್ದನ್ನು ನಾವೇ ಬಡಿಸಿಕೊಳ್ಳುವ ಸಲಾಡ್ ಬಾರ್‌ನಲ್ಲಿ, ತಟ್ಟೆ ಕೈಗೆತ್ತಿಕೊಳ್ಳುವ ಮೊದಲು ಒಂದು ಸುತ್ತು ಹಾಕಿ ಏನೇನಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಮೊದಲು ಕಣ್ಣಿಗೆ ಬಿದ್ದದ್ದರಿಂದಲೇ ತಟ್ಟೆ ತುಂಬಿಹೋಗುತ್ತದೆ. ತಟ್ಟೆಯ ಅರ್ಧದಷ್ಟನ್ನು ಪಾಲಕ್, ಲೆಟ್ಯೂಸ್‌ನಂತಹ ಸೊಪ್ಪಿಗೆ ಮೀಸಲಿಟ್ಟು, ಮೇಲೆ ಕ್ಯಾರೆಟ್, ಟೊಮೆಟೊ, ದಪ್ಪ ಮೆಣಸಿನಕಾಯಿಗಳನ್ನು ಧಾರಾಳವಾಗಿ ಹಾಕಿಕೊಳ್ಳಬಹುದು. ಬರೀ ಸೊಪ್ಪು, ತರಕಾರಿ ತಿಂದರೆ ಬೇಗನೆ ಮತ್ತೆ ಹಸಿವಾಗುವುದರಿಂದ, ಬೆಂದ ಕಾಳು, ಮೊಟ್ಟೆ ಅಥವಾ ಕೋಳಿಮಾಂಸ ಇವುಗಳಲ್ಲಿ ಒಂದಾದರೂ ಇರಲಿ. ಒಂದು ಮೊಟ್ಟೆಯಲ್ಲೇ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಸಲಾಡ್ ಮೇಲೆ ಸುರಿಯುವ ಎಣ್ಣೆ ಬೆರೆತ ರಸದಲ್ಲಿ, ಅಂದರೆ ಡ್ರೆಸ್ಸಿಂಗ್‌ನಲ್ಲಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ, ಅಲ್ಲಿ ಇಟ್ಟಿರುವ ಸೌಟಾದರೋ ಅಂತಹ ಎರಡು ಮೂರು ಚಮಚಗಳನ್ನು ಒಮ್ಮೆಗೇ ಸುರಿದುಬಿಡುತ್ತದೆ. ಹಾಗೆಂದು ಎಣ್ಣೆಯನ್ನು ಪೂರ್ತಿ ಬಿಡುವುದೂ ಜಾಣತನವಲ್ಲ, ಏಕೆಂದರೆ ಕ್ಯಾರೆಟ್ ಮತ್ತು ಸೊಪ್ಪಿನಲ್ಲಿರುವ, ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೋಟಿನ್ ದೇಹಕ್ಕೆ ಚೆನ್ನಾಗಿ ಸೇರಬೇಕಾದರೆ ಸ್ವಲ್ಪ ಕೊಬ್ಬು ಬೇಕೇ ಬೇಕು. ಡ್ರೆಸ್ಸಿಂಗನ್ನು ಪಕ್ಕದ ಸಣ್ಣ ಬಟ್ಟಲಿಗೆ ಹಾಕಿಕೊಂಡು, ಬೇಕಾದಷ್ಟನ್ನೇ ಬೆರೆಸಿ ಎಲೆಗಳಿಗೆಲ್ಲ ತೆಳುವಾಗಿ ಅಂಟುವಂತೆ ಕಲಸಿದರೆ, ಕಡಿಮೆಯಲ್ಲೇ ರುಚಿ ಹತ್ತುತ್ತದೆ. ನಿಂಬೆರಸ ಅಥವಾ ವಿನೆಗರ್ ಸಿಕ್ಕರೆ ಇನ್ನೂ ಒಳ್ಳೆಯದು.

ಮೇಯನೇಸ್‌ನಲ್ಲಿ ಅದ್ದಿಟ್ಟ ಪಾಸ್ತಾ, ಆಲೂಗಡ್ಡೆಗಳು ಹೆಸರಿಗಷ್ಟೇ ಸಲಾಡ್ ಎಂಬುದು ನನ್ನ ಅಭಿಪ್ರಾಯ. ಆಸೆಯಾದರೆ ಒಂದು ಚಮಚ ಸಾಕು. ಸಲಾಡ್ ತಿನ್ನಲು ಬೇಸರ ಬರುವುದು ಬಹುಮಟ್ಟಿಗೆ ಎಲ್ಲವೂ ಮೆತ್ತಗೆ, ನೀರುನೀರಾಗಿ ಇರುವುದರಿಂದ. ಆದ್ದರಿಂದ ಸೌತೆಕಾಯಿಯನ್ನು ನೀರು ಬಸಿದು ತೆಗೆದುಕೊಂಡು, ಕೊನೆಯಲ್ಲಿ ಒಂದು ಸಣ್ಣ ಹಿಡಿ ಬಾದಾಮಿ ಅಥವಾ ಸೂರ್ಯಕಾಂತಿ ಬೀಜ ಉದುರಿಸಿಕೊಳ್ಳಿ.