ಓದುಗರ ಪ್ರಶ್ನೆ: ಈ ಕಾಗದ ಯಾವ ಕಾಡಿನದು?

ಪ್ರಶ್ನೆ: ಕೆನಡಾ, ಫಿನ್‌ಲ್ಯಾಂಡಿನ ಬೋರಿಯಲ್ ಕಾಡಿನಲ್ಲಿ (ಉತ್ತರದ ಚಳಿನಾಡಿನ, ಸೂಜಿಯೆಲೆ ಮರಗಳ ಕಾಡು) ಕಡಿದ ಕಡೆಯೆಲ್ಲ ಸಸಿ ನೆಡುತ್ತಾರಂತೆ. ಹಾಗಿದ್ದ ಮೇಲೆ ನಷ್ಟವೇನು?
(ಪಿಯು ಉಪನ್ಯಾಸಕರು, ಮಂಡ್ಯ)

ಬಹಳ ಕಡೆ ಸಸಿ ನೆಡುವುದೇನೋ ನಿಜ. ಆದರೆ ಬೆಳೆಯುವುದು ಒಂದೇ ವಯಸ್ಸಿನ ಸ್ಪ್ರೂಸ್ ಅಥವಾ ಪೈನ್ ತೋಪು. ನಮ್ಮ ಕಡೆಯ ನೀಲಗಿರಿ ತೋಪನ್ನೂ ಬಂಡೀಪುರವನ್ನೂ ನೋಡಿದವರಿಗೆ ಅರ್ಧ ಉತ್ತರ ಗೊತ್ತೇ ಇದೆ. ಉಳಿದರ್ಧ ಸತ್ತ ಮರದಲ್ಲಿದೆ. ಫಿನ್‌ಲ್ಯಾಂಡಿನ ಕಾಡುಜೀವಿಗಳಲ್ಲಿ ನಾಲ್ಕೈದು ಜಾತಿಗೆ ಒಂದರಂತೆ, ಅಣಬೆ, ಜೀರುಂಡೆ, ಮರಕುಟಿಗ ಇತ್ಯಾದಿ, ಒಣಗಿ ನಿಂತ ಮರ ಮತ್ತು ಕೊಳೆಯುವ ದಿಮ್ಮಿಗಳನ್ನೇ ನಂಬಿವೆ. ಆ ದೇಶದ ದಕ್ಷಿಣಭಾಗದಲ್ಲಿ ಕೊಡಲಿ ತಾಗದ ಹಳೇ ಕಾಡಿದ್ದರೆ ಹೆಕ್ಟೇರಿಗೆ 60 ಘನ ಮೀಟರಿಗೂ ಹೆಚ್ಚು ಸತ್ತ ಮರ ಇರುತ್ತದೆ. ನೆಟ್ಟು ಕಡಿಯುವ ಕಡೆ ಹತ್ತು ಇದ್ದರೆ ಹೆಚ್ಚು.

ಇನ್ನು ಕ್ಯಾರಿಬೂ ಹಿಮಸಾರಂಗ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟರೇ ಅದರ ಚಳಿಗಾಲದ ಮೇವು. ಅವು ದಟ್ಟವಾಗುವುದು ಹಳೇ ಕಾಡಿನಲ್ಲಿ. ಕಾಡು ಬೋಳಾದರೆ ಎಳೆ ಚಿಗುರು ಹಬ್ಬುತ್ತದೆ, ಅದಕ್ಕೆ ಮೂಸ್ (ಭಾರೀ ಗಾತ್ರದ ಜಿಂಕೆ ಜಾತಿ), ಜಿಂಕೆ ಬರುತ್ತವೆ, ಅವುಗಳ ಹಿಂದೆ ತೋಳ. ಮರ ಸಾಗಿಸಲು ಹಾಕಿದ ರಸ್ತೆಯೇ ತೋಳಕ್ಕೂ ಹಾದಿ. ಕೊನೆಗೆ ಸಾಯುವುದು ಕ್ಯಾರಿಬೂ. ಅದರ ನೆಲೆಯಲ್ಲಿ ಕನಿಷ್ಠ 65% ಪ್ರದೇಶ ಕೆಡದೆ ಉಳಿಯಬೇಕೆಂದು ಕೆನಡಾ ಸರ್ಕಾರದ 2012ರ ಯೋಜನೆ ಹೇಳುತ್ತದೆ. ಅಷ್ಟು ಉಳಿಸಿದರೂ ಹಿಂಡು ತಾನಾಗಿ ಬಾಳುವ ಸಾಧ್ಯತೆ 60% ಮಾತ್ರ! ಹಾಗಾಗಿ ಅಲ್ಲಲ್ಲಿ ನಾಲ್ಕು ಮರ ಬಿಟ್ಟರೆ ಸಾಲದು, ಒಂದಕ್ಕೊಂದು ಅಂಟಿಕೊಂಡ ದೊಡ್ಡ ಕಾಡೇ ಉಳಿಯಬೇಕು. ಅಂಥದ್ದೊಂದು, 2018ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಕೆನಡಾದ ಪಿಮಾಚಿಓವಿನ್ ಆಕಿ, ಅಲ್ಲಿನ ಮೂಲನಿವಾಸಿ ಅನಿಶಿನಾಬೆ ಜನರ ನೆಲ, ಸುಮಾರು 29,000 ಚದರ ಕಿ.ಮೀ. ಇದೆ.

ಪ್ರಶ್ನೆ: ಗ್ರಾಹಕರು ಎಫ್‌ಎಸ್‌ಸಿ (ಕಾಡನ್ನು ಹೊಣೆಯಿಂದ ನೋಡಿಕೊಂಡದ್ದಕ್ಕೆ ಪ್ರಮಾಣಪತ್ರದ ವ್ಯವಸ್ಥೆ ನಡೆಸುವ ಸಂಸ್ಥೆ) ಮುದ್ರೆಯ ಕಾಗದ ಕೇಳುತ್ತಾರೆ. ಬಂಡಲ್ ಮೇಲೆ ಮುದ್ರೆಯಿದ್ದರೆ ಸಾಕೆ? ಪುಸ್ತಕದ ಮೇಲೂ ಹಾಕಬಹುದೆ?
(ಮುದ್ರಣಾಲಯದವರು, ಮೈಸೂರು)

ಪುಸ್ತಕದ ಮೇಲೆ ಹಾಕಬೇಕಾದರೆ ನಿಮ್ಮ ಪ್ರೆಸ್ಸಿಗೇ ಪ್ರಮಾಣಪತ್ರ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಕಾಗದ ಮಾರುವವರ ಬಿಲ್ಲಿನಲ್ಲಿ ಅವರ ಪ್ರಮಾಣಪತ್ರದ ಸಂಖ್ಯೆಯೂ 'ಮಿಕ್ಸ್', 'ರೀಸೈಕಲ್ಡ್' ಎಂಬ ವಿವರವೂ ಇರಬೇಕು. ನಡುವಿನ ವ್ಯಾಪಾರಿಗೆ ಪತ್ರವಿಲ್ಲದಿದ್ದರೆ ಕಾಡಿನಿಂದ ಪ್ರೆಸ್ಸಿನವರೆಗಿನ ಪ್ರಮಾಣಪತ್ರಗಳ ಸರಪಳಿ ಅಲ್ಲೇ ಕಡಿಯಿತು. ಬಂಡಲ್ ಮೇಲಿನ ಮುದ್ರೆಯಲ್ಲಿ 'ಸಿ' ಅಕ್ಷರದ ಮುಂದೆ ಆರು ಅಂಕಿ ಇರುತ್ತವೆ. ಎಫ್‌ಎಸ್‌ಸಿ ಜಾಲತಾಣದಲ್ಲಿ ಹುಡುಕಿ, ಚಾಲ್ತಿಯಲ್ಲಿದೆಯೇ ನೋಡಿ. 'ಮಿಕ್ಸ್' ಎಂದರೆ ಪ್ರಮಾಣಪತ್ರವಿಲ್ಲದ ಕಾಡಿನ ತಿರುಳೂ ಸೇರಿರಬಹುದು, ಅದಕ್ಕೆ ನಡೆಯುವ ತಪಾಸಣೆ ಕಡಿಮೆ. ಹಳೇ ಕಾಡೇ ನಿಮ್ಮ ಚಿಂತೆಯಾದರೆ ರೀಸೈಕಲ್ಡ್ ತರಿಸಿ, ಇಲ್ಲವೇ ಕಬ್ಬಿನ ಸಿಪ್ಪೆಯ ಕಾಗದ. ಸಿಪ್ಪೆಯ ಎಳೆ ಗಿಡ್ಡ. ಸ್ಪ್ರೂಸಿನ ಸುಮಾರು ಮೂರು ಮಿ.ಮೀ. ಎಳೆಯಷ್ಟು ಹರಿಯದೆ ತಾಳದು. ನೋಟ್‌ಬುಕ್ಕಿನ ಒಳಹಾಳೆಗೆ ಧಾರಾಳವಾಗಿ ಸಾಕು, ಕೈಚೀಲಕ್ಕೆ ಬೇಡ.

ಪ್ರಶ್ನೆ: ಪ್ಯಾಕಿಂಗ್ ಹಲಗೆಯ ಮೇಲೆ ತೆನೆಯ ಗುರುತು, 'ಎಚ್‌ಟಿ' ಅಂತಿದೆ. ಇದು ಕಾಡು ಉಳಿಸಿದ ಮರವೇ?
(ಬಡಗಿ, ಶ್ರೀರಂಗಪಟ್ಟಣ)

ಅಲ್ಲ. 'ಎಚ್‌ಟಿ' ಎಂದರೆ ಹೀಟ್ ಟ್ರೀಟ್‌ಮೆಂಟ್. ಹುಳು ದೇಶದಿಂದ ದೇಶಕ್ಕೆ ದಾಟಿ ಬಾರದಿರಲೆಂದು ಮರದ ಒಳಗಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದಾರೆ, ಅಷ್ಟೇ. ಜೊತೆಗಿರುವ ಎರಡಕ್ಷರ ಕಾಯಿಸಿದ ದೇಶದ್ದು, ಮರ ಬೆಳೆದ ದೇಶವೇ ಆಗಬೇಕೆಂದಿಲ್ಲ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟ ಹಲಗೆ. ಮಕ್ಕಳ ಮಂಚಕ್ಕೂ ಅಡುಗೆಮನೆಯ ಕಪಾಟಿಗೂ ಅದನ್ನು ಬಳಸಬೇಡಿ, ಒಲೆಗೂ ಹಾಕಬೇಡಿ.